ಕೂಗು, ಬಾಗಿಲು, ಗೋಡೆ: ಮಧ್ಯಕಾಲೀನ ಪದಗಳು ಚಲನಚಿತ್ರದ ದೃಶ್ಯವಾದ ಬಗೆ

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡವನ್ನು ಅಭ್ಯಾಸ ಮಾಡುವ ಅನೇಕರಿಗೆ ಕನಕದಾಸರ ಮೊದಲ ಪರಿಚಯವಾಗುವುದು ಗ್ರಂಥದಿಂದಲ್ಲ, ಚಲನಚಿತ್ರದಿಂದ. 1960ರಲ್ಲಿ ತೆರೆಕಂಡ ‘ಭಕ್ತ ಕನಕದಾಸ’ದಲ್ಲಿ ರಾಜಕುಮಾರ್ ಅವರ ಅಭಿನಯ, ಪಿ.ಬಿ. ಶ್ರೀನಿವಾಸ್ ಅವರ ಕಂಠ, ಉಡುಪಿಯ ದೇವಾಲಯದ ಗೋಡೆ, ಈ ಮೂರೂ ಸೇರಿ ‘ಬಾಗಿಲನು ತೆರೆದು’ ಎಂಬ ಕೀರ್ತನೆಗೆ ಒಂದು ಸ್ಥಳವನ್ನೂ ಒಂದು ಗಳಿಗೆಯನ್ನೂ ಒದಗಿಸಿವೆ. ಸಾಹಿತ್ಯದ ವಿದ್ಯಾರ್ಥಿ ಹೀಗೆ ಸಿನಿಮಾದ ಬಾಗಿಲಿನಿಂದ ಒಳಬಂದರೆ ನಾಚಬೇಕಾದದ್ದೇನೂ ಇಲ್ಲ. ತೊಡಕು ಉಂಟಾಗುವುದು ಮುಂದೆ. ಕೀರ್ತನೆಯನ್ನು ವ್ಯಾಖ್ಯಾನಿಸಹೊರಟವನು ಅದರಲ್ಲಿ ಇಲ್ಲದ ಉಡುಪಿಯನ್ನು, ಇಲ್ಲದ ಗೋಡೆಯನ್ನು ಇದೆಯೆಂದೇ ಬರೆಯತೊಡಗುತ್ತಾನೆ. ದೃಶ್ಯವು ಪಠ್ಯಕ್ಕೆ ಟೀಕೆಯಾಗಿ ನಿಂತಿರುತ್ತದೆ. ಟೀಕಾಕಾರನೊಬ್ಬ ಇದ್ದಾನೆಂಬುದು ಮಾತ್ರ ಯಾರ ಗಮನಕ್ಕೂ ಬಂದಿರುವುದಿಲ್ಲ.

ಹಾಡು ಮತ್ತು ಸಂಗೀತ ಒಂದು ದೃಶ್ಯವನ್ನು ಮರೆಯಲಾಗದಂತೆ ಮಾಡುವ ಬಗೆ ಯಾವುದು, ಹಾಗೆ ಮಾಡುವಾಗ ಹಳೆಯ ಪಠ್ಯಕ್ಕೆ ಏನಾಗುತ್ತದೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಿತ್ರಗೀತೆಗಳ ಇತಿಹಾಸವನ್ನು ಹೇಳುವುದಾಗಲಿ ಶ್ರೇಷ್ಠ ಗೀತೆಗಳ ಪಟ್ಟಿಯನ್ನು ಕೊಡುವುದಾಗಲಿ ನಮ್ಮ ಗುರಿಯಲ್ಲ. ನಾವು ಮಧ್ಯಕಾಲೀನ ಸಾಹಿತ್ಯದ ಕಡೆಯಿಂದ ಈ ವಿಷಯಕ್ಕೆ ಬಂದವರಾದುದರಿಂದ, ಆ ಸಾಹಿತ್ಯದೊಡನೆ ನಂಟುಳ್ಳ ಚಿತ್ರಗಳನ್ನೇ ಮುಖ್ಯವಾಗಿ ಆರಿಸಿಕೊಂಡಿದ್ದೇವೆ.

ಚಲನಚಿತ್ರದ ಹಾಡಿನ ಮೇಲೆ ವಿಮರ್ಶಕರು ಹೊರಿಸುವ ಮೊದಲ ಆರೋಪವೆಂದರೆ ಅದು ಕಥೆಯನ್ನು ತಡೆದು ನಿಲ್ಲಿಸುತ್ತದೆ ಎಂಬುದು. ತಡೆದು ನಿಲ್ಲಿಸುತ್ತದೆ ಎಂಬುದು ನಿಜ. ಅದು ದೋಷವೆಂಬುದು ಮಾತ್ರ ವಿಚಾರಾರ್ಹ. ಕನ್ನಡದ ಕಥನಪರಂಪರೆಯಲ್ಲಿ ಕಥೆ ನಿಂತು ಹಾಡು ಮೊದಲಾಗುವುದು ಹೊಸ ಸಂಗತಿಯಲ್ಲ. ‘ಕವಿರಾಜಮಾರ್ಗ’ವು ಬೆದಂಡೆ, ಚತ್ತಾಣಗಳನ್ನು ಹೆಸರಿಸುತ್ತದೆ; ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ಮೇಲ್ವಾಡು, ಪಾಡುಗಬ್ಬ, ಬಾಜನೆಗಬ್ಬಗಳ ಪ್ರಸ್ತಾಪ ಬರುತ್ತದೆ. ಓದುವ ಕಾವ್ಯದ ಮಗ್ಗುಲಲ್ಲೇ ಹಾಡುವ ಕಾವ್ಯ ಇದ್ದುದಕ್ಕೆ ಇವು ಸಾಕ್ಷಿ. ಮುಂದೆ ಯಕ್ಷಗಾನದಲ್ಲಿ ಭಾಗವತನು ಪದವನ್ನು ಹೇಳುವಾಗ ಕಥೆ ನಿಲ್ಲುತ್ತದೆ, ಪಾತ್ರದ ಭಾವ ಹಿಗ್ಗುತ್ತದೆ. ಪದ ಮುಗಿದ ಮೇಲೆ ಅರ್ಥಗಾರಿಕೆಯಲ್ಲಿ ಕಥೆ ಮತ್ತೆ ಹೆಜ್ಜೆಯಿಡುತ್ತದೆ. ಕಂಪನಿ ನಾಟಕಗಳ ರಂಗಗೀತೆಗಳ ಕ್ರಮವೂ ಇದೇ. 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ, ಈ ರಂಗಭೂಮಿಯಿಂದಲೇ ನಟರನ್ನೂ ಹಾಡಿನ ಕ್ರಮವನ್ನೂ ಪಡೆಯಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ ಎಂಬುದು ಹೊರನಾಡಿನ ಓದುಗರಿಗೆ ಹಿತವಾದ ನೆನಪು.

ಆದ್ದರಿಂದ ಹಾಡು ಬಂದಾಗ ಕಥಾಕಾಲ ನಿಂತು ಭಾವಕಾಲ ತೊಡಗುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಎಲ್ಲ ಹಾಡುಗಳೂ ದೃಶ್ಯವನ್ನು ನೆನಪಿನಲ್ಲಿ ನಿಲ್ಲಿಸುವುದಿಲ್ಲ. ಹಾಡು ಚೆನ್ನಾಗಿದ್ದು ದೃಶ್ಯ ಮರೆತುಹೋದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಆಕಾಶವಾಣಿಯಲ್ಲಿ ಕೇಳಿ ಬಾಯಿಪಾಠವಾದ ಎಷ್ಟೋ ಗೀತೆಗಳು ಯಾವ ಸಂದರ್ಭದವೆಂದು ನಮ್ಮಲ್ಲಿ ಯಾರೂ ಹೇಳಲಾರೆವು. ಹಾಡೂ ದೃಶ್ಯವೂ ಬಿಡಿಸಲಾರದಂತೆ ಬೆಸೆದುಕೊಳ್ಳುವುದು ಒಂದು ವಿಶೇಷ ಸ್ಥಿತಿಯಲ್ಲಿ: ಹಾಡು ಕೇಳುವುದೊಂದು, ದೃಶ್ಯ ಕೊಡುವುದು ಇನ್ನೊಂದು ಆದಾಗ; ಇವೆರಡರ ನಡುವಿನ ಬಿರುಕಿನಲ್ಲಿ ಪ್ರೇಕ್ಷಕನ ಮನಸ್ಸು ಸಿಕ್ಕಿಕೊಂಡಾಗ. ‘ಭಕ್ತ ಕನಕದಾಸ’ದ ದೃಶ್ಯವನ್ನು ವಿವರವಾಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲು ಕೀರ್ತನೆಯನ್ನಷ್ಟೇ ಗಮನಿಸೋಣ. ಅದರ ಪಲ್ಲವಿ ಎರಡು ಕೆಲಸ ಮಾಡುತ್ತದೆ: ಬಾಗಿಲು ತೆರೆದು ಸೇವೆಯನ್ನು ಕೊಡೆಂಬ ಬೇಡಿಕೆ, ಕೂಗು ಕೇಳಿಸಲಿಲ್ಲವೆ ಎಂಬ ಆಕ್ಷೇಪಣೆ. ಮುಂದಿನ ಚರಣಗಳಲ್ಲಿ ಕೂಗಿಗೆ ಓಗೊಟ್ಟ ಹಳೆಯ ಪ್ರಸಂಗಗಳು ಬರುತ್ತವೆ. ಮೊಸಳೆಗೆ ಸಿಕ್ಕ ಗಜರಾಜ ಕರೆದಾಗ ಹಾಲ್ಗಡಲಿನಿಂದ ಬಂದದ್ದು, ಪ್ರಹ್ಲಾದನಿಗಾಗಿ ಕಂಬವನ್ನೊಡೆದು ಬಂದದ್ದು, ದ್ರೌಪದಿಗೆ ಮುಗಿಯದ ಸೀರೆಯನ್ನಿತ್ತದ್ದು, ಅಜಾಮಿಳನನ್ನು ಕಾದದ್ದು. ಈ ಕ್ರಮವನ್ನು ನಾವು ಆಕಸ್ಮಿಕವೆಂದು ಭಾವಿಸುವುದಿಲ್ಲ. ಗಜೇಂದ್ರನಿಗೆ ದೇವರು ಬಹುದೂರದಿಂದ ಬರಬೇಕಾಯಿತು. ಪ್ರಹ್ಲಾದನಿಗೆ ಎದುರಿನ ಕಂಬದಿಂದಲೇ ಬಂದ. ದ್ರೌಪದಿಗೆ ಬರಲೇ ಇಲ್ಲ, ಬಟ್ಟೆಯಷ್ಟೇ ಬಂತು. ಅಜಾಮಿಳನಂತೂ ಕರೆದದ್ದು ದೇವರನ್ನಲ್ಲ, ಮಗನನ್ನು. ಹೆಸರಿನ ಒಲವೇ ಸಾಕಾಯಿತು. ಚರಣದಿಂದ ಚರಣಕ್ಕೆ ದೇವರಿಗೂ ಕೂಗಿಗೂ ನಡುವಿನ ದೂರ ಕಿರಿದಾಗುತ್ತ ಬರುತ್ತದೆ. ಹಾಗೆ ಕಿರಿದಾದಷ್ಟೂ ಈ ಒಂದು ಬಾಗಿಲು ತೆರೆಯದಿರುವುದು ಹೆಚ್ಚು ಹೆಚ್ಚು ಅಸಹಜವಾಗಿ ಕಾಣತೊಡಗುತ್ತದೆ. ಕೊನೆಗೆ ಕವಿ ನಿನಗೆ ಹೊತ್ತು ಹೊತ್ತಲ್ಲದ ಹೊತ್ತು ಎಂಬುದುಂಟೆ ಎಂದು ಕೇಳಿ, ಕಾಗಿನೆಲೆಯ ಆದಿಕೇಶವನ ಅಂಕಿತದೊಡನೆ ನಿಲ್ಲಿಸುತ್ತಾರೆ.

ಇಲ್ಲಿ ಉಡುಪಿಯ ಹೆಸರಿಲ್ಲ. ಕೃಷ್ಣನ ವಿಗ್ರಹದ ವರ್ಣನೆಯಿಲ್ಲ. ತಡೆದವರ ಮಾತಿಲ್ಲ; ಕುಲದ ಮಾತೂ ಇಲ್ಲ. ಅಂಕಿತವು ಎಂದಿನಂತೆ ಕಾಗಿನೆಲೆಯ ದೇವರದು. ದಾಸಸಾಹಿತ್ಯದಲ್ಲಿ ಅಂಕಿತ ಸ್ಥಳಸೂಚಕವೇ ಆಗಬೇಕೆಂದಿಲ್ಲವಾದ್ದರಿಂದ, ಈ ಪದ ಉಡುಪಿಯಲ್ಲಿ ಹುಟ್ಟಿಲ್ಲವೆಂದು ಅದರ ಬಲದಿಂದ ಹೇಳುವಂತಿಲ್ಲ. ಹುಟ್ಟಿತೆಂದು ಹೇಳುವುದಕ್ಕೂ ಪದದೊಳಗೆ ಆಧಾರವಿಲ್ಲವೆಂಬುದಷ್ಟೇ ನಮ್ಮ ಮಾತು. ಉಡುಪಿಯ ಕೃಷ್ಣ ಪಡುವಣಕ್ಕೆ ಮುಖಮಾಡಿ ನಿಂತಿರುವುದು, ಗೋಡೆಯಲ್ಲಿ ಕನಕನ ಕಿಂಡಿ ಎಂಬುದು ಇರುವುದು ಕಣ್ಣಿಗೆ ಕಾಣುವ ಸಂಗತಿಗಳು. ಕನಕದಾಸರನ್ನು ಒಳಗೆ ಬಿಡದಿದ್ದಾಗ ಗೋಡೆ ಬಿರಿದು ದೇವರು ತಿರುಗಿದನೆಂಬುದು ಅವುಗಳನ್ನು ವಿವರಿಸುವ ಐತಿಹ್ಯ. ಕೀರ್ತನೆ ಒಂದು ಕಡೆ, ಐತಿಹ್ಯ ಇನ್ನೊಂದು ಕಡೆ ಇದ್ದುವು. ಇವೆರಡನ್ನೂ ಕೂಡಿಸಿ ಹೇಳುವ ವಾಡಿಕೆ ಹರಿಕಥೆ, ನಾಟಕಗಳಲ್ಲಿ ಮೊದಲೇ ಇದ್ದಿರಬಹುದಾದರೂ, ಕನ್ನಡನಾಡಿನ ಉದ್ದಗಲಕ್ಕೂ ಒಂದೇ ರೂಪದಲ್ಲಿ ಅದನ್ನು ಸ್ಥಿರಗೊಳಿಸಿದ್ದು ವೈ.ಆರ್. ಸ್ವಾಮಿ ನಿರ್ದೇಶಿಸಿದ ಈ ಚಿತ್ರ.

ಚಿತ್ರದಲ್ಲಿ ಕನಕ ಹೊರಗೆ ನಿಂತು ಹಾಡುತ್ತಾನೆ. ಎಂ. ವೆಂಕಟರಾಜು ಅವರ ಸಂಗೀತ ಸಂಯೋಜನೆಯಲ್ಲಿ ಪಲ್ಲವಿ ಮರಳಿ ಮರಳಿ ಬರುತ್ತದೆ. ಕೀರ್ತನೆಯ ರಚನೆಯೇ ಅಂಥದು. ಗ್ರಂಥದಲ್ಲಿ ಸಂಪಾದಕರು ಪಲ್ಲವಿಯನ್ನು ಒಮ್ಮೆ ಅಚ್ಚು ಹಾಕಿ, ಉಳಿದೆಡೆ ಅದರ ಮೊದಲಕ್ಷರವನ್ನೋ ಒಂದು ಗುರುತನ್ನೋ ಕೊಟ್ಟು ಬಿಡುತ್ತಾರೆ. ಓದುವವನ ಕಣ್ಣು ಅದನ್ನು ಹಾರಿಸಿಕೊಂಡು ಹೋಗುತ್ತದೆ. ಹಾಡಿನಲ್ಲಿ ಹಾರಿಸುವಂತಿಲ್ಲ. ಮೊದಲ ಸಲ ಬಂದಾಗ ಅದು ಬೇಡಿಕೆ. ಗಜೇಂದ್ರನ ಪ್ರಸಂಗವಾದ ಮೇಲೆ ಬಂದಾಗ ನೆನಪಿಸುವಿಕೆ. ಕಂಬ ಒಡೆದ ಪ್ರಸಂಗವಾದ ಮೇಲೆ ಬಂದಾಗ ಸವಾಲು. ಅದೇ ಮಾತು, ಅದೇ ಧಾಟಿ, ಬೇರೆ ಅರ್ಥ. ಪಲ್ಲವಿ ಏಕೆ ಪಲ್ಲವಿಸುತ್ತದೆ ಎಂಬುದನ್ನು ಅಚ್ಚಿನ ಪುಟ ಕಲಿಸಲಾರದು, ಸಿನಿಮಾ ಕಲಿಸುತ್ತದೆ. ಪಠ್ಯಸಂಪಾದನೆಯಲ್ಲಿ ತೊಡಗಿದವರು ಈ ಋಣವನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಗೋಡೆ ಬಿರಿಯುವ ಪವಾಡಕ್ಕೆ ಕೀರ್ತನೆಯಲ್ಲಿ ಆಧಾರವಿಲ್ಲವೆಂದೆವು. ಆದರೆ ಬೀಜವಿದೆ. ಕಲ್ಲನ್ನೊಡೆದು ಹೊರಬರುವ ದೇವರು ಎರಡನೆಯ ಚರಣದಲ್ಲೇ ಇದ್ದಾನೆ, ನರಸಿಂಹನಾಗಿ. ಹಾಡಿನೊಳಗೆ ಪುರಾಣಪ್ರಸಂಗವಾಗಿ ಬಂದ ಕಂಬ, ದೃಶ್ಯದಲ್ಲಿ ಉಡುಪಿಯ ಗೋಡೆಯಾಗುತ್ತದೆ. ಹಾಡು ನೆನೆದದ್ದನ್ನು ದೃಶ್ಯ ಮತ್ತೆ ನಡೆಯಿಸುತ್ತದೆ. ಪ್ರೇಕ್ಷಕನಿಗೆ ಇದು ತಿಳಿಯದಿರಬಹುದು; ಆದರೆ ಕಂಬ ಒಡೆದ ಮಾತನ್ನು ಆಗಷ್ಟೇ ಕೇಳಿದ ಕಿವಿ, ಗೋಡೆ ಬಿರಿಯುವುದನ್ನು ನೋಡುವ ಕಣ್ಣನ್ನು ಸಿದ್ಧಪಡಿಸಿರುತ್ತದೆ. ಆದ್ದರಿಂದಲೇ ಆ ಪವಾಡ ಹಾಡಿನ ನಡುವೆ ಹೊರಗಿನಿಂದ ತುರುಕಿದಂತೆ ತೋರದೆ, ಹಾಡಿನಿಂದಲೇ ಹೊಮ್ಮಿದಂತೆ ತೋರುತ್ತದೆ.

ಹಾಗಾದರೆ ಬಿರುಕು ಎಲ್ಲಿ? ಹಾಡು ಬೇಡಿದ್ದು ಬಾಗಿಲನ್ನು, ಒಡೆದದ್ದು ಗೋಡೆ. ಬಾಗಿಲು ಮುಚ್ಚಿಯೇ ಇತ್ತು. ಬಾಗಿಲನ್ನು ಕಾಯುವವರ ಅಧಿಕಾರಕ್ಕೆ ಏನೂ ಆಗಲಿಲ್ಲ. ದೇವರು ಅವರ ಕೈಯಿಂದ ಬೀಗದ ಕೈ ಕಸಿದುಕೊಳ್ಳಲಿಲ್ಲ, ಹಿಂದಕ್ಕೆ ತಿರುಗಿ ನಿಂತ. ದರ್ಶನ ದೊರೆಯಿತು, ಪ್ರವೇಶ ದೊರೆಯಲಿಲ್ಲ. ಭಕ್ತಿಯ ದೃಷ್ಟಿಯಿಂದ ಇದು ಗೆಲವು. ಸಮಾಜದ ದೃಷ್ಟಿಯಿಂದ ನೋಡಿದವನಿಗೆ ಗೆಲವಿನ ಒಳಗೇ ಒಂದು ನಿರಾಕರಣೆ ಹುದುಗಿದೆ. ಐತಿಹ್ಯದಲ್ಲಿ ಇದ್ದ ಈ ದ್ವಂದ್ವವನ್ನು ಸಿನಿಮಾ ಚರ್ಚಿಸುವುದಿಲ್ಲ, ಚರ್ಚಿಸಬೇಕೆಂದೂ ನಾವು ನಿರೀಕ್ಷಿಸುವುದಿಲ್ಲ. ಆದರೆ ಬಾಗಿಲು ಎಂಬ ಶಬ್ದ ಪಲ್ಲವಿಯಲ್ಲಿ ಮತ್ತೆ ಮತ್ತೆ ಕೇಳುತ್ತಿರುವಾಗ ಕಣ್ಣಿಗೆ ಕಾಣುವುದು ಗೋಡೆಯಾದುದರಿಂದ, ಈ ದ್ವಂದ್ವ ಮರೆಯಾಗದೆ ಉಳಿಯುತ್ತದೆ. ದೃಶ್ಯದ ಬಲ ಪವಾಡದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇದರಲ್ಲಿದೆ ಎಂದು ನಮ್ಮ ಅಭಿಪ್ರಾಯ. ಪವಾಡದೃಶ್ಯಗಳು ಆ ಕಾಲದ ಭಕ್ತಿಪ್ರಧಾನ ಚಿತ್ರಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವನ್ನು ಇಂದು ಯಾರೂ ನೆನೆಯುವುದಿಲ್ಲ.

ಪಿ.ಬಿ. ಶ್ರೀನಿವಾಸ್ ಅವರ ಗಾಯನದ ಬಗೆಗೆ ಒಂದು ಮಾತು. ಕೂಗಿದರೂ ಕೇಳಿಸಲಿಲ್ಲವೆ ಎನ್ನುವ ಪದವನ್ನು ಅವರು ಕೂಗುವುದಿಲ್ಲ. ರಂಗಭೂಮಿಯ ನಟಗಾಯಕನಾಗಿದ್ದರೆ ಇಲ್ಲಿ ತಾರಸ್ಥಾಯಿಗೆ ಏರಿ ಸಭೆಯನ್ನು ನಡುಗಿಸುತ್ತಿದ್ದ. ಧ್ವನಿವರ್ಧಕಯಂತ್ರದ ಮುಂದೆ ನಿಂತ ಗಾಯಕನಿಗೆ ಆ ಅಗತ್ಯವಿಲ್ಲ. ಆತ ಮೆಲುದನಿಯಲ್ಲಿ ಹಾಡಿದರೂ ಕಡೆಯ ಬೆಂಚಿನವನಿಗೆ ಕೇಳುತ್ತದೆ. ಹೀಗಾಗಿ ಕೂಗು ಒಳಗಿನದಾಗುತ್ತದೆ. ಹೊರಗೆ ನಿಂತವನ ಕೂಗು ಗೋಡೆಯಾಚೆಗೆ ಕೇಳಿಸದಷ್ಟು ಮೆಲ್ಲಗಿದೆ, ಆದರೂ ದೇವರಿಗೆ ಕೇಳಿಸಿತೆಂಬುದು ಯಂತ್ರದ ನೆರವಿನಿಂದ ಸಾಧಿತವಾದ ಧ್ವನ್ಯರ್ಥ. ಕಾಕಿನಾಡದಲ್ಲಿ ಹುಟ್ಟಿದ ಗಾಯಕರೊಬ್ಬರು ಕನಕದಾಸರ ಕಂಠವಾದದ್ದು, ಆ ಕಾಲದ ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದರಾಸಿನಲ್ಲೇ ನಡೆಯುತ್ತಿದ್ದುದು, ಇವೆಲ್ಲ ಭಾಷೆಯ ಗಡಿಗಳನ್ನು ಕುರಿತು ಯೋಚಿಸುವವರಿಗೆ ಬೇರೆಯೇ ಒಂದು ಪ್ರಬಂಧಕ್ಕೆ ಸಾಮಗ್ರಿ.

ಹಾಡು ಪಠ್ಯಕ್ಕೆ ಹೊಸ ಸಂದರ್ಭವನ್ನು ಹೊಂದಿಸುವುದು ಒಂದು ಬಗೆಯಾದರೆ, ಹೊಸ ಪಠ್ಯವನ್ನೇ ಪರಂಪರೆಗೆ ಸೇರಿಸಿಬಿಡುವುದು ಇನ್ನೊಂದು ಬಗೆ. ಇದಕ್ಕೆ ಅತ್ಯುತ್ತಮ ನಿದರ್ಶನ ಕನ್ನಡದ್ದಲ್ಲ, ಮರಾಠಿಯದು. ಪುಣೆ, ಮುಂಬಯಿಗಳಲ್ಲಿರುವ ನಮ್ಮ ಸಂಶೋಧಕರಿಗೆ ಚೆನ್ನಾಗಿ ಗೊತ್ತಿರುವಂಥದು. ಪ್ರಭಾತ್ ಸಂಸ್ಥೆಯ ‘ಸಂತ ತುಕಾರಾಮ್’ (1936) ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ ಚಿತ್ರ. ವಿಷ್ಣುಪಂತ ಪಾಗ್ನೀಸ್ ತುಕಾರಾಮನಾಗಿ ನಟಿಸಿ ಹಾಡಿದ್ದಾರೆ. ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದ ಈ ಚಿತ್ರದಲ್ಲಿ ತುಕಾರಾಮನ ಅಭಂಗಗಳ ಜೊತೆಗೆ ಶಾಂತಾರಾಮ ಆಠವಲೆ ಅವರು ಬರೆದ ‘ಆಧೀ ಬೀಜ ಏಕಲೇ’ ಎಂಬ ಹಾಡೂ ಇದೆ. ಬೀಜ ಮತ್ತು ಮರದ ರೂಪಕದ ಈ ರಚನೆಯನ್ನು ತುಕಾರಾಮನದೇ ಎಂದು ನಂಬಿದವರು ಬಹಳ. ಅಭಂಗದ ಲಯ, ನುಡಿಗಟ್ಟು, ಪಾಗ್ನೀಸರ ಹಾಡಿಕೆಯ ಸರಳತೆ ಇವು ಸೇರಿ ಇಪ್ಪತ್ತನೆಯ ಶತಮಾನದ ಪದವೊಂದಕ್ಕೆ ಹದಿನೇಳನೆಯ ಶತಮಾನದ ವಯಸ್ಸನ್ನು ತಂದವು.

ನಮ್ಮಲ್ಲಿ ವಚನಗಳ ಹಾಗೂ ಕೀರ್ತನೆಗಳ ಪ್ರಕ್ಷೇಪವನ್ನು ಕುರಿತು ಚರ್ಚಿಸುವಾಗ ನಾವು ಲಿಪಿಕಾರನನ್ನು ದೂರುತ್ತೇವೆ, ಸಂಕಲನಕಾರನನ್ನು ಶಂಕಿಸುತ್ತೇವೆ. ಧ್ವನಿಮುದ್ರಿಕೆಯೂ ತೆರೆಯೂ ಅದೇ ಕೆಲಸವನ್ನು ಇನ್ನಷ್ಟು ವೇಗವಾಗಿ ಮಾಡಬಲ್ಲವು ಎಂಬುದಕ್ಕೆ ಇದು ದಾಖಲೆಯುಳ್ಳ ಪ್ರಸಂಗ. ಕರ್ತೃ ಯಾರೆಂಬುದು ತಿಳಿದಿದ್ದೂ ಪದ ಸಂತನ ಹೆಸರಿಗೆ ಸಂದಿತು. ಕರ್ತೃವಿನ ಹೆಸರು ಉಳಿಯದ ಕಾಲದಲ್ಲಿ ಎಷ್ಟು ಪದಗಳು ಹೀಗೆ ಸಂದಿರಬೇಕೆಂದು ಊಹಿಸಿಕೊಳ್ಳಬಹುದು.

ಮರಾಠಿ ಸಂತರ ಮಾತು ಬಂದುದರಿಂದ ಇಬ್ಬರು ಕುಂಬಾರರನ್ನು ಇಲ್ಲಿಯೇ ಹೋಲಿಸಬಹುದು. ಒಬ್ಬನು ಹರಿಹರನ ರಗಳೆಯ ಗುಂಡಯ್ಯ, ಭಾಲ್ಕಿಯವನು. ಇನ್ನೊಬ್ಬನು ತೇರ್ ಊರಿನ ಗೋರಾ, ವಾರಕರಿ ಸಂತ. ಭೂಪಟದಲ್ಲಿಯೂ ಇವರ ಊರುಗಳು ಬಹಳ ದೂರವಿಲ್ಲ. ಗುಂಡಯ್ಯ ಮಡಕೆ ಮಾಡುತ್ತ ಮಾಡುತ್ತ ಅದನ್ನೇ ಬಾರಿಸತೊಡಗುತ್ತಾನೆ. ಕೆಲಸದ ತಟ್ಟುವಿಕೆ ತಾಳವಾಗುತ್ತದೆ, ತಾಳಕ್ಕೆ ಶಿವನು ಕುಣಿಯುತ್ತಾನೆ, ಅವನೊಡನೆ ಲೋಕವೂ ಕುಣಿಯುತ್ತದೆ. ಹರಿಹರನ ಕಾವ್ಯಲಯವೇ ಇಲ್ಲಿ ವಾದ್ಯ. ಓದುವವನ ನಾಲಗೆ ತಾನೂ ಬಡಿತಕ್ಕೆ ಸಿಕ್ಕುತ್ತದೆ. ಶಿವ ಕುಣಿದನೆಂದು ಕವಿ ಹೇಳುವ ಮೊದಲೇ ರಗಳೆ ಕುಣಿಯತೊಡಗಿರುತ್ತದೆ. ಚಲನಚಿತ್ರ ಹುಟ್ಟುವುದಕ್ಕೆ ಏಳು ಶತಮಾನಗಳ ಹಿಂದೆ ಸಂಗೀತದಿಂದ ದೃಶ್ಯ ಕಟ್ಟಿದ ಕವಿಯನ್ನು ತೋರಿಸೆಂದರೆ ನಾವು ಹರಿಹರನನ್ನೇ ತೋರಿಸುತ್ತೇವೆ.

ಗೋರಾನ ಕಥೆ ಇದಕ್ಕೆ ಕರಾಳವಾದ ಪ್ರತಿರೂಪ. ಹುಣಸೂರು ಕೃಷ್ಣಮೂರ್ತಿಯವರ ‘ಭಕ್ತ ಕುಂಬಾರ’ (1974) ಚಿತ್ರವನ್ನು ನೋಡಿದವರು ಮರೆಯದ ದೃಶ್ಯ, ಗೋರಾ ಮಣ್ಣು ತುಳಿಯುವುದು. ಇಲ್ಲಿಯೂ ಕೆಲಸದ ಹೆಜ್ಜೆ ತಾಳವಾಗುತ್ತದೆ, ತಾಳ ನಾಮಸ್ಮರಣೆಯಾಗುತ್ತದೆ, ಕಣ್ಣು ಮುಚ್ಚುತ್ತದೆ. ತೆವಳುತ್ತ ಬಂದ ಮಗು ಆ ಕಾಲುಗಳ ಕೆಳಗೆ ಸಿಕ್ಕುತ್ತದೆ. ಹಾಡು ಎಷ್ಟು ಇಂಪಾಗಿದೆಯೋ ಅಷ್ಟೂ ಭಯಂಕರ. ಗೋರಾನಿಗೆ ಹಾಡು ಮಾತ್ರ ಕೇಳುತ್ತಿದೆ. ಪ್ರೇಕ್ಷಕನಿಗೆ ಹಾಡು ಕೇಳುತ್ತಿದೆ, ಮಗುವೂ ಕಾಣುತ್ತಿದೆ. ಹಾಡು ಬೇಗ ಮುಗಿಯಲಿ ಎಂದು ಹಾರೈಸುವಂತೆ ಮಾಡುವ ಹಾಡು ನಮ್ಮ ಚಿತ್ರಗಳಲ್ಲಿ ಬಹು ವಿರಳ. ತನ್ಮಯತೆಯೆಂಬುದು ಭಕ್ತನ ಗುಣವೆಂದು ಕೀರ್ತಿಸುವ ಸಂಗೀತವೇ, ಅದರ ಬೆಲೆಯನ್ನೂ ತೋರಿಸುತ್ತದೆ. ಮುಂದೆ ವಿಠಲನ ಕೃಪೆಯಿಂದ ಎಲ್ಲವೂ ಸರಿಹೋಗುವುದು ಭಕ್ತಚರಿತೆಯ ಕಟ್ಟಳೆ. ನೆನಪಿನಲ್ಲಿ ಉಳಿದದ್ದು ಆ ಕೃಪೆಯಲ್ಲ, ಮಣ್ಣು ತುಳಿದ ಕಾಲು.

ಅದೇ ನಿರ್ದೇಶಕರ ‘ಸತ್ಯ ಹರಿಶ್ಚಂದ್ರ’ (1965), ಪೆಂಡ್ಯಾಲ ನಾಗೇಶ್ವರರಾವ್ ಅವರ ಸಂಗೀತವಿರುವ ಚಿತ್ರ, ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗೆ ಬೇರೊಂದು ಸಮಸ್ಯೆಯನ್ನು ಒಡ್ಡುತ್ತದೆ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ಹಾಡು ಮತ್ತು ಕುಲ ಎದುರಾಗುವುದು ಗಾಣರಾಣಿಯರ ಪ್ರಸಂಗದಲ್ಲಿ. ವಿಶ್ವಾಮಿತ್ರನು ಸೃಷ್ಟಿಸಿ ಕಳಿಸಿದ ಆ ಅನಾಮಿಕ ಹೆಣ್ಣುಗಳು ಅರಸನನ್ನು ಹಾಡಿ ಮೆಚ್ಚಿಸುತ್ತಾರೆ. ಅವನು ಕೊಡುವ ಒಡವೆಗಳನ್ನು ಒಲ್ಲದೆ ಮುತ್ತಿನ ಸತ್ತಿಗೆಯನ್ನು ಬೇಡುತ್ತಾರೆ. ಅದು ಆಗದೆಂದಾಗ ನಮ್ಮನ್ನು ವರಿಸೆನ್ನುತ್ತಾರೆ. ಕುಲದ ಮಾತು ಬಂದಾಗ ಅವರು ಹೂಡುವ ತರ್ಕ ಕನ್ನಡ ಕಾವ್ಯದ ಹರಿತವಾದ ತರ್ಕಗಳಲ್ಲೊಂದು: ನಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪನ್ನು ಕಂಡ ಕಣ್ಣಿಗೆ, ನಮ್ಮೊಡನೆ ನುಡಿದ ಬಾಯಿಗೆ ಇಲ್ಲದ ಹೊಲೆ ಮುಟ್ಟುವ ಮೈಗೆ ಮಾತ್ರ ಎಲ್ಲಿಂದ ಬಂತು? ಸಂಗೀತವನ್ನು ಸವಿದವನು ಸಂಗೀತಗಾರಳನ್ನು ದೂರವಿಡುವುದರಲ್ಲಿರುವ ಅಸಂಗತವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರು ಕಡಿಮೆ.

ಚಿತ್ರದಲ್ಲಿ ಈ ತರ್ಕ ಬೇರೆ ಕಡೆಗೆ ಸರಿದಂತೆ ನಮಗೆ ತೋರುತ್ತದೆ. ಜನ ನೆನೆಯುವುದು ಘಂಟಸಾಲ ಅವರು ಹಾಡಿದ ‘ಕುಲದಲ್ಲಿ ಕೀಳ್ಯಾವುದೋ’ ಎಂಬ ಸ್ಮಶಾನದ ಹಾಡನ್ನು. ವೀರಬಾಹುವಿನ ಪಾತ್ರದಲ್ಲಿ ಎಂ.ಪಿ. ಶಂಕರ್ ತನ್ನವರೊಡನೆ ಕುಣಿಯುವ ಈ ದೃಶ್ಯದಲ್ಲಿ, ಅರಸನ ಎದುರು ನಿಂತು ವಾದಿಸುವ ಧೀರ ಸ್ತ್ರೀಯರಿಲ್ಲ, ಅಮಲಿನಲ್ಲಿರುವ ಗಂಡಸರಿದ್ದಾರೆ. ವಾದ ಹೋಗಿ ವಿನೋದ ಬಂದಿದೆ. ಇದನ್ನು ನಷ್ಟವೆಂದೇ ಎಣಿಸಬೇಕೆ? ಭಾಗಶಃ ಹೌದು. ರಾಘವಾಂಕನ ಹೆಣ್ಣುಗಳ ಮಾತಿಗೆ ಉತ್ತರ ಕೊಡಬೇಕಾದ ಹೊಣೆ ಅರಸನ ಮೇಲಿತ್ತು; ಕುಡಿದವನ ಹಾಡಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಆದರೆ ಲಾಭವೂ ಇದೆ. ಸುಡುಗಾಡಿನ ಹಿನ್ನೆಲೆಯಲ್ಲಿ ಕೇಳಿದಾಗ ಆ ಪ್ರಶ್ನೆಯ ಉತ್ತರ ಸುತ್ತಲೂ ಉರಿಯುತ್ತಿರುವ ಚಿತೆಗಳಲ್ಲೇ ಇದೆ. ತಮಟೆಯ ಗತಿಗೆ ಹೊಂದಿದ ಧಾಟಿಯಿಂದಾಗಿ ಅದು ಷಟ್ಪದಿಯನ್ನು ಓದಲಾರದವರ ಬಾಯಿಗೂ ಬಂತು. 2008ರಲ್ಲಿ ಈ ಚಿತ್ರ ಬಣ್ಣ ತುಂಬಿಸಿಕೊಂಡು ಮರಳಿ ತೆರೆಗೆ ಬಂದಿತು. ತರಗತಿಯಲ್ಲಿ ರಾಘವಾಂಕನ ಪ್ರಸಂಗವನ್ನು ಪಾಠ ಮಾಡುವವರು ಈ ಹಾಡನ್ನು ಜೊತೆಗಿರಿಸಿಕೊಂಡು ಎರಡನ್ನೂ ಹೋಲಿಸಬೇಕೆಂಬುದು ನಮ್ಮ ಸಲಹೆ. ಒಂದನ್ನು ಇನ್ನೊಂದರ ಅನುವಾದವೆಂದು ಮಾತ್ರ ಹೇಳಬಾರದು.

ಇದುವರೆಗೆ ಹೇಳಿದವೆಲ್ಲ ಮಾತುಳ್ಳ ಹಾಡುಗಳು. ಮಾತಿಲ್ಲದ ನಾದ, ಅಥವಾ ನಾದದ ನಿರಾಕರಣೆ, ದೃಶ್ಯವನ್ನು ಹೇಗೆ ಕಟ್ಟುತ್ತದೆ? ತ.ರಾ. ಸುಬ್ಬರಾಯರ ‘ಹಂಸಗೀತೆ’ ಕಾದಂಬರಿ ಎರಡು ಚಿತ್ರಗಳಿಗೆ ಆಧಾರವಾಯಿತು: ಮುಂಬಯಿಯಲ್ಲಿ ತಯಾರಾದ ಹಿಂದಿಯ ‘ಬಸಂತ್ ಬಹಾರ್’ (1956), ಜಿ.ವಿ. ಅಯ್ಯರ್ ಅವರ ಕನ್ನಡ ‘ಹಂಸಗೀತೆ’ (1975). ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕ ಟಿಪ್ಪುವಿನ ಎದುರು ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯ ಈ ಕಾದಂಬರಿಯ ಬೆನ್ನಿಗಿದೆ. ಹಿಂದಿಯ ಚಿತ್ರದಿಂದ ಜನರ ನೆನಪಿನಲ್ಲಿ ಉಳಿದದ್ದು ಸ್ಪರ್ಧೆಯ ದೃಶ್ಯ. ನಾಯಕನಿಗೆ ಮನ್ನಾ ಡೇ, ಎದುರಾಳಿಗೆ ಗದುಗಿನ ಭೀಮಸೇನ ಜೋಶಿ ಹಾಡಿದರು. ಕಥೆಯ ಪ್ರಕಾರ ನಾಯಕ ಗೆಲ್ಲಬೇಕು. ಜೋಶಿಯವರನ್ನು ತಾವು ಸೋಲಿಸುವುದೆಂತು ಎಂದು ಮನ್ನಾ ಡೇ ಅಳುಕಿದ್ದು ಪ್ರಸಿದ್ಧವಾದ ಸಂಗತಿ. ಕಥೆ ಒಂದು ತೀರ್ಪು ಕೊಡುತ್ತದೆ, ಬಲ್ಲವರ ಕಿವಿ ಇನ್ನೊಂದನ್ನು ಕೊಡುತ್ತದೆ. ಮೇಲೆ ನಾವು ಬಿರುಕು ಎಂದು ಕರೆದದ್ದು ಇಲ್ಲಿ ನಿರ್ದೇಶಕನ ಇಚ್ಛೆಯನ್ನು ಮೀರಿ ಕಾಣಿಸಿಕೊಂಡಿದೆ.

ಕನ್ನಡದ ಚಿತ್ರದಲ್ಲಿ ಹಾಗಲ್ಲ. ಎಂ. ಬಾಲಮುರಳಿಕೃಷ್ಣ ಅವರು ಹಾಡಿ, ಆ ವರ್ಷದ ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಸಂಗೀತವೇ ಕಥಾವಸ್ತು. ಯಾರಿಗಾಗಿ ಹಾಡಬೇಕು ಎಂಬುದು ಅದರ ಮುಂದಿರುವ ಪ್ರಶ್ನೆ. ಮೂಲ ಐತಿಹ್ಯ ಕೊಡುವ ಉತ್ತರ ಮೌನ. ಸಂಗೀತದಿಂದ ತುಂಬಿದ ಕಥನಕ್ಕೆ ಮಾತ್ರ ಇಂಥ ಮೌನ ಸಾಧ್ಯ. ಮೊದಲು ಕೇಳಿಸಿದ್ದರಲ್ಲವೆ ಆಮೇಲೆ ಕೇಳಿಸದಿರುವುದು ತಟ್ಟುವುದು.

ಅದೇ ವರ್ಷದ ‘ಚೋಮನ ದುಡಿ’ಯಲ್ಲಿ ಬಿ.ವಿ. ಕಾರಂತರು ನಿರ್ದೇಶನ, ಸಂಗೀತ ಎರಡನ್ನೂ ವಹಿಸಿದ್ದರು. ಶಿವರಾಮ ಕಾರಂತರ 1933ರ ಕಾದಂಬರಿಯಲ್ಲಿಯೇ ದುಡಿ ಕಥೆಯ ಜೀವನಾಡಿ. ಸಿಟ್ಟು ಬಂದಾಗ, ದುಃಖ ಉಕ್ಕಿದಾಗ ಚೋಮ ಮಾತಾಡುವುದಿಲ್ಲ, ದುಡಿ ಬಾರಿಸುತ್ತಾನೆ. ಕಾದಂಬರಿಯ ಓದುಗ ದ��ಡಿಯನ್ನು ಅಕ್ಷರದಲ್ಲಿ ಕಾಣಬೇಕು. ಚಿತ್ರ ಅದನ್ನು ಕೇಳಿಸುತ್ತದೆ. ಎಂ.ವಿ. ವಾಸುದೇವರಾವ್ ಅವರ ಚೋಮ ಕಡೆಗೆ ಗುಡಿಸಲ ಬಾಗಿಲು ಹಾಕಿಕೊಂಡು ಬಾರಿಸುತ್ತ ಬಾರಿಸುತ್ತ ಸಾಯುತ್ತಾನೆ. ಉಡುಪಿಯ ದೃಶ್ಯದಲ್ಲಿ ಹೊರಗಿದ್ದವನು ಬಾಗಿಲು ತೆರೆಯೆಂದು ಹಾಡಿದ. ಇಲ್ಲಿ ಹೊರಗಿಡಲ್ಪಟ್ಟವನು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಿದ್ದಾನೆ. ಬೇಡಿಕೆಯಿಲ್ಲ, ಪುರಾಣಪ್ರಸಂಗಗಳಿಲ್ಲ, ಅಂಕಿತವಿಲ್ಲ, ಗೋಡೆ ಬಿರಿಯುವುದಿಲ್ಲ. ಕರಾವಳಿಯ ಒಂದೇ ನೆಲದ ಈ ಎರಡು ದೃಶ್ಯಗಳನ್ನು ಒಟ್ಟಿಗೆ ನೋಡಿದವರಿಗೆ, ಹದಿನೈದು ವರ್ಷಗಳ ಅಂತರದಲ್ಲಿ ಕನ್ನಡ ಚಲನಚಿತ್ರ ಎಷ್ಟು ದೂರ ನಡೆದಿತ್ತೆಂಬುದು ತಿಳಿಯುತ್ತದೆ.

ಹೊರನಾಡಿನ ಸಂಶೋಧಕರು ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ, ಕೆಲವನ್ನು ಅವರೇ ಮಾಡಬೇಕು. ಚಿತ್ರಮಂದಿರಗಳ ಬಳಿ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಕೀರ್ತನೆಗಳು ಯಾವ ಪಾಠದೊಡನೆ ಅಚ್ಚಾಗಿವೆ ಎಂಬುದನ್ನು ಮುದ್ರಿತ ಸಂಪುಟಗಳೊಡನೆ ಹೋಲಿಸಿ ನೋಡಬೇಕು. ಮದರಾಸಿನಲ್ಲಿ ತಯಾರಾದ ಚಿತ್ರಗಳ ಇಂಥ ಸಾಮಗ್ರಿಯನ್ನು ಚೆನ್ನೈಯಲ್ಲಿರುವವರು ಹುಡುಕುವುದು ಸುಲಭ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಕನ್ನಡ ಭಜನಾಮಂಡಳಿಗಳಲ್ಲಿ ಕೈಬರಹದ ಪದಗಳ ಪುಸ್ತಕಗಳು ಇವೆ. ಅವುಗಳಲ್ಲಿ ರಾಗದ ಹೆಸರಿನ ಜಾಗದಲ್ಲಿ ಚಿತ್ರದ ಹೆಸರು ಬರೆದಿದೆಯೆ, ಪದದ ಪಾಠ ಯಾವುದನ್ನು ಅನುಸರಿಸುತ್ತದೆ ಎಂಬುದನ್ನು ಪರಿಶೀಲಿಸಬೇಕು. ಹರಿದಾಸರ ಪದಗಳ ಮೂಲ ಧಾಟಿಗಳು ನಮಗೆ ಉಳಿದು ಬಂದಿಲ್ಲ. ಮುದ್ರಿತ ಸಂಪುಟಗಳಲ್ಲಿ ಒಂದೇ ಪದಕ್ಕೆ ಬೇರೆ ಬೇರೆ ರಾಗಗಳನ್ನು ಸೂಚಿಸಿರುವುದುಂಟು. ಹೀಗಿರುವಾಗ ಸಿನಿಮಾದ ಧಾಟಿಯನ್ನು ಅಪಭ್ರಂಶವೆಂದು ತಳ್ಳಿಹಾಕದೆ, ತಾರೀಖು ತಿಳಿದಿರುವ ಒಂದು ಪಾಠಾಂತರವೆಂದು ದಾಖಲಿಸಿಕೊಳ್ಳುವುದು ಯುಕ್ತ. ಆ ಪುಸ್ತಕಗಳನ್ನು ಬರೆದ ಹಿರಿಯರಲ್ಲಿ ಕೆಲವರು ಇನ್ನೂ ಹಾಡುತ್ತಿದ್ದಾರೆ; ಮೊದಲು ಅವರ ಧ್ವನಿಯನ್ನು ಮುದ್ರಿಸಿಕೊಂಡು, ಪುಸ್ತಕವನ್ನು ಆಮೇಲೆ ಕೇಳಬೇಕು.